ಲೈಬ್ರರಿಯ ಗೊಡ್ಡು ಹಸುಗಳು

ಉಪಕಾರ ಮಾಡುವುದೂ ಒಂದು ಚಟವೇ. ಸಿಗರೇಟು ಬಿಟ್ಟೆ, ಇಸ್ಪೀಟಿನಲ್ಲಿ ಪಕ್ಕದವನ ಎಲೆ ಇಣುಕುವುದನ್ನೂ ಹೆಚ್ಚುಕಡಿಮೆ ಬಿಟ್ಟೆ. ಇದೊಂದನ್ನು ಮಾತ್ರ ಬಿಡಲಾಗಲಿಲ್ಲ. ಅದರಲ್ಲೂ ಹೆಂಡತಿಗೆ, ಅವಳು ಕೇಳದೆ, ಅವಳು ಊರಲ್ಲಿಲ್ಲದ ಹೊತ್ತು ನೋಡಿ ಉಪಕಾರ ಮಾಡುವುದಿದೆಯಲ್ಲ, ಅದು ಈ ಚಟದ ಪರಾಕಾಷ್ಠೆ. ನನ್ನನ್ನು ನೋಡಿ ಯಾರಾದರೂ ಕಲಿಯಲಿ ಎಂದು ಇದನ್ನು ಹೇಳುತ್ತಿದ್ದೇನೆ. (ಕಲಿಯುವುದಿಲ್ಲ, ಗೊತ್ತು. ನಾನೂ ಯಾರನ್ನೂ ನೋಡಿ ಕಲಿತವನಲ್ಲ.)

ನನ್ನ ಹೆಸರು ಆಲ್ದೊ. ಅರ್ಜೆಂಟೀನಾದ ನಕಾಶೆಯ ಮೇಲೆ ಒಂದು ನೊಣ ಬಂದು ಕೂತರೆ ನಮ್ಮ ಕೊಲೋನಿಯಾ ಬೆರ್ತೋನಾ ಮಾತ್ರವಲ್ಲ, ಅಕ್ಕಪಕ್ಕದ ಊರುಗಳೂ ಅದರ ಕಾಲಡಿ ಮುಚ್ಚಿಹೋಗುತ್ತವೆ. ಇಲ್ಲಿನ ಹಾಲಿನ ಸಹಕಾರ ಸಂಘದಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿದ್ದು ಈಗ ನಿವೃತ್ತ. ನನ್ನ ಹೆಂಡತಿ ಜುಲೇಮಾ ಊರಿನ ಲೈಬ್ರರಿಯ ಗ್ರಂಥಪಾಲಕಿ. ಲೈಬ್ರರಿ ಸರ್ಕಾರದ್ದಲ್ಲ, ನಮ್ಮ ಅಜ್ಜಂದಿರು ಚಂದಾ ಎತ್ತಿ ಕಟ್ಟಿದ್ದು, ಸದಸ್ಯರದ್ದು, ಅದಕ್ಕೊಂದು ಸಮಿತಿಯೂ ಇದೆ. ಜುಲೇಮಾ ಈಗಾಗಲೇ ಮಾಡಿ ಮುಗಿಸಿರುವುದನ್ನು ಮಾಡತಕ್ಕದ್ದೆಂದು ಸಮಿತಿ ವರ್ಷಕ್ಕೊಮ್ಮೆ ಸೇರಿ ಸರ್ವಾನುಮತದಿಂದ ತೀರ್ಮಾನಿಸುತ್ತದೆ.

ಗ್ರಂಥಪಾಲಕಿಯ ಗಂಡನಾದ್ದರಿಂದ ನಾನೂ ಊರಿನ ಗಣ್ಯ ಓದುಗ. ಇದು ಜಂಬದ ಮಾತಲ್ಲ. ಪ್ರತಿ ಶನಿವಾರ ಸಂಜೆ ಜುಲೇಮಾ ನನಗಾಗಿಯೇ ಆರಿಸಿದ ಒಂದು ಪುಸ್ತಕ ತರುತ್ತಾಳೆ. ಕಥೆ ಕಾದಂಬರಿಯಂಥ ಹಗುರ ಸರಕಲ್ಲ; ತತ್ವಶಾಸ್ತ್ರ, ರಾಜ್ಯಶಾಸ್ತ್ರ, ನದಿಗಳಲ್ಲಿ ಹೂಳು ತುಂಬಿದ ಇತಿಹಾಸ, ಹೀಗೆ ಇಟ್ಟಿಗೆಯ ತೂಕದವು. ಬೆನ್ನಿಗೆ ದಿಂಬು ಕೊಟ್ಟು, ದೀಪ ಸರಿಮಾಡಿ, ಪುಸ್ತಕವನ್ನು ನನ್ನ ಕೈಗಿತ್ತು, ತಾನು ಪಕ್ಕದ ಕೋಣೆಗೆ ಹೋಗಿ ರೊಸಾರಿಯೊದಲ್ಲಿರುವ ತಂಗಿ ಓಲ್ಗಾಗೆ ಫೋನು ಮಾಡುತ್ತಾಳೆ. ನನ್ನ ಓದಿನ ಕ್ರಮವೂ ಸಾಮಾನ್ಯರದ್ದಲ್ಲ. ಸ್ವಲ್ಪ ಓದುತ್ತೇನೆ, ಆಮೇಲೆ ಕಣ್ಣು ಮುಚ್ಚಿ ಅದನ್ನು ಆಳವಾಗಿ ಚಿಂತಿಸುತ್ತೇನೆ. ನನ್ನ ಚಿಂತನೆ ಮುಗಿಯುವ ಹೊತ್ತಿಗೆ ಅವರ ಫೋನೂ ಮುಗಿದಿರುತ್ತದೆ. ಗಂಡನ ಅಭಿರುಚಿಯನ್ನು ಇಷ್ಟು ಅರಿತು ನಡೆಯುವ ಹೆಂಡತಿ ಎಷ್ಟು ಜನಕ್ಕಿದ್ದಾಳೆ ಹೇಳಿ.

ಇಂಥ ಜುಲೇಮಾಳ ಎಡಗಣ್ಣಿಗೆ ಪೊರೆ ಬಂತು. ತೆಗೆಸಲು ರೊಸಾರಿಯೊಗೆ ಹೋಗಿ ತಂಗಿಯ ಮನೆಯಲ್ಲಿ ಒಂದು ವಾರ ಇರಬೇಕಾಯಿತು. ಅಷ್ಟು ದಿನ ಲೈಬ್ರರಿಯಲ್ಲಿ ಯಾರು ಕೂರುವುದು? ಸಮಿತಿ ಸೇರಿತು, ಉಳಿದವರೆಲ್ಲ ಒಲ್ಲೆ ಎಂದರು, ನಾನು ಸರ್ವಾನುಮತದಿಂದ ಆಯ್ಕೆಯಾದೆ. ಬಸ್ಸಿಗೆ ಹತ್ತಿಸಲು ಹೋದಾಗ ಜುಲೇಮಾ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ಕೇಳು, ಮುದುಕಾ." (ನಮ್ಮ ಕಡೆ ಮದುವೆಯಾದ ವರ್ಷದಿಂದಲೇ ಗಂಡ ಮುದುಕ, ಹೆಂಡತಿ ಮುದುಕಿ. ಕಾಲಕ್ರಮೇಣ ಅದು ನಿಜವಾಗುತ್ತದೆ.) "ಪುಸ್ತಕ ಕೊಡು, ಪುಸ್ತಕ ತಗೋ. ಕಂಪ್ಯೂಟರಿನಲ್ಲಿ ಆ ಎರಡು ಗುಂಡಿ ಬಿಟ್ಟು ಮೂರನೇದು ಮುಟ್ಟಬೇಡ."

"ನಾನೇನು ಚಿಕ್ಕ ಮಗೂನಾ?"

"ಚಿಕ್ಕ ಮಗು ಆಗಿದ್ರೆ ಹೇಳ್ತಾನೇ ಇರಲಿಲ್ಲ. ಮಕ್ಕಳಿಗೆ ಭಯ ಇರುತ್ತೆ."

"ಅಲ್ಲ ಕಣೇ, ಮೂವತ್ತು ವರ್ಷ ಡೇರಿ ಲೆಕ್ಕ ಇಟ್ಟವನಿಗೆ..."

"ಅದಕ್ಕೇ ಹೇಳ್ತಿರೋದು," ಎಂದಳು. ಬಸ್ಸು ಹೊರಟಿತು.

ಮೊದಲ ದಿನ ಪುಸ್ತಕ ಕೊಟ್ಟೆ, ಪುಸ್ತಕ ತೆಗೆದುಕೊಂಡೆ. ಎರಡನೆಯ ದಿನ, ಹೊಸ ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಯೊಂದಕ್ಕೆ ಮೊಣಕಾಲು ಬಡಿಯಿತು. ಇಂಥ ಪೆಟ್ಟಿಗೆಗಳು ಓಡಾಡುವ ದಾರಿಯ ತುಂಬ ಬಿದ್ದಿದ್ದವು. ಕಪಾಟಿನಲ್ಲಿ ಜಾಗವಿಲ್ಲ, ಯಾವುದನ್ನು ತೆಗೆಯಲಿ, ಯಾವುದನ್ನು ತೆಗೆದರೂ ಯಾರಿಗೋ ಬೇಕಾಗುತ್ತದೆ ಎಂದು ಜುಲೇಮಾ ಒಂದು ವರ್ಷದಿಂದ ಗೊಣಗುತ್ತಿದ್ದಳು. ಮೊಣಕಾಲು ಉಜ್ಜಿಕೊಳ್ಳುತ್ತಿದ್ದಾಗ ನನಗೆ ಆ ಯೋಚನೆ ಹೊಳೆಯಿತು: ಅವಳು ಬರುವಷ್ಟರಲ್ಲಿ ಬೇಡದ ಪುಸ್ತಕಗಳನ್ನು ನಾನೇ ಆರಿಸಿ ತೆಗೆದುಬಿಡುವುದು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಅದು ಇದೇ. ಬಿಟ್ಟುಕೊಳ್ಳುವಾಗ ಮಾತ್ರ ಅದು ಇರುವೆಯ ಹಾಗೆ ಕಾಣುವುದಿಲ್ಲ.

ನಮ್ಮ ಡೇರಿಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಪ್ರತಿ ಚಳಿಗಾಲಕ್ಕೆ ಮುಂಚೆ ಹಸುಗಳ ಪಟ್ಟಿ ನನ್ನ ಮೇಜಿಗೆ ಬರುತ್ತಿತ್ತು. ಹಾಲು ಕೊಡುವ ಹಸುವಿನ ಹೆಸರಿನ ಮುಂದೆ ಒಂದು ಟಿಕ್ ಹಾಕುತ್ತಿದ್ದೆ. ಟಿಕ್ ಬಿದ್ದದ್ದು ಕೊಟ್ಟಿಗೆಯಲ್ಲಿ ಉಳಿಯುತ್ತಿತ್ತು. ಬೀಳದ ಗೊಡ್ಡು ಹಸು ಹರಾಜಿಗೆ ಹೋಗುತ್ತಿತ್ತು. ನನ್ನ ಕೈಯ ಒಂದು ಗೀರು ಎಂದರೆ ಹಸುವಿಗೆ ಒಂದು ವರ್ಷದ ಆಯುಷ್ಯ. ಟಿಕ್ ಎಂದರೆ 'ಇರಲಿ' ಎಂದು ನಮ್ಮ ಜಿಲ್ಲೆಯ ಕರುಗಳಿಗೂ ಗೊತ್ತು. ಕಂಪ್ಯೂಟರು ನಮ್ಮ ಜಿಲ್ಲೆಯದ್ದಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ನಮ್ಮೂರಿನಲ್ಲಿ ಮಧ್ಯಾಹ್ನ ಊಟವಾದ ಮೇಲೆ ಸಂಜೆಯವರೆಗೆ ಬಾಗಿಲೆಲ್ಲ ಮುಚ್ಚಿರುತ್ತದೆ, ಎಲ್ಲರೂ ಮಲಗುತ್ತಾರೆ. ಆ ಹೊತ್ತಿನಲ್ಲಿ ನಾಯಿ ಬೊಗಳಿದರೆ ಅದರ ಯಜಮಾನನಿಗೆ ಕೆಟ್ಟ ಹೆಸರು. ಎರಡು ಮಧ್ಯಾಹ್ನ ನಾನು ನಿದ್ದೆಯನ್ನು ತ್ಯಾಗ ಮಾಡಿ, ಲೈಬ್ರರಿಯಲ್ಲಿ ಒಬ್ಬನೇ ಕೂತು, ಕಂಪ್ಯೂಟರಿನಲ್ಲಿದ್ದ ಪುಸ್ತಕಗಳ ಪಟ್ಟಿ ತೆರೆದು, ಒಳ್ಳೆಯ ಪುಸ್ತಕಗಳ ಮುಂದಿನ ಚೌಕದಲ್ಲೆಲ್ಲ ಟಿಕ್ ಹಾಕಿದೆ. ಶನಿವಾರದ ನನ್ನ ಇಟ್ಟಿಗೆಗಳಿಗೆ ಮೊದಲು ಹಾಕಿದೆ. ಹೆಂಗಸರು ಮುಗಿಬಿದ್ದು ಒಯ್ಯುವ ಕಾದಂಬರಿಗಳಿಗೂ ಉದಾರವಾಗಿ ಹಾಕಿದೆ. ನಾನೇ ಬರೆದ ಡೇರಿಯ ವಾರ್ಷಿಕ ವರದಿಗಳಿಗೆ, ಗುರುತು ಗಟ್ಟಿಯಾಗಿ ಬೀಳಲಿ ಎಂದು, ಎರಡೆರಡು ಸಲ ಒತ್ತಿದೆ. ಈಗ ಯಾರೂ ಓಡಿಸದ ಟ್ರ್ಯಾಕ್ಟರುಗಳ ಕೈಪಿಡಿ, ಹಳೆಯ ಟೆಲಿಫೋನ್ ಡೈರೆಕ್ಟರಿ, ಇಂಥ ಗೊಡ್ಡು ಹಸುಗಳನ್ನು ಮುಟ್ಟಲಿಲ್ಲ. ಕೊನೆಗೆ 'ಅಳಿಸು' ಎಂಬ ಗುಂಡಿಯನ್ನು ಒತ್ತಿದೆ. ಖಚಿತವೇ ಎಂದು ಯಂತ್ರ ಕೇಳಿತು. ಡೇರಿಯಲ್ಲಿ ಯಾರೂ ನನ್ನ ಅಭಿಪ್ರಾಯವನ್ನು ಇಷ್ಟು ಗೌರವದಿಂದ ಕೇಳಿರಲಿಲ್ಲ. ಖಚಿತ ಎಂದೆ.

ಸಂಜೆ ಬಾಗಿಲು ತೆರೆದ ಕೂಡಲೇ ದರ್ಜಿ ಕೆಲಸದ ದೋನ್ಯಾ ಎರ್ಮೆಲಿಂದಾ ಒಂದು ಕಾದಂಬರಿ ಹಿಂದಿರುಗಿಸಲು ಬಂದಳು. ಅಂಥ ಪುಸ್ತಕ ಈ ಲೈಬ್ರರಿಯಲ್ಲಿಲ್ಲ ಎಂದಿತು ಕಂಪ್ಯೂಟರು. ಇನ್ನೊಮ್ಮೆ ಹುಡುಕಿದೆ. ಇಲ್ಲ.

"ಹಾಗಾದ್ರೆ ನಾನು ಹದಿನೈದು ದಿನದಿಂದ ಓದಿದ್ದೇನು, ದೋನ್ ಆಲ್ದೊ?" ಎಂದು ಕೇಳಿದಳು.

ಅವಳ ಹಿಂದೆ ಕ್ಷೌರದಂಗಡಿಯ ಸೆವೆರೀನೊ ನಿಂತಿದ್ದ. ಅವನು ನಿದ್ದೆ ಬಾರದ ಕಾಯಿಲೆಯ ಮನುಷ್ಯ. ಕೆಂಗಣ್ಣು ಬಿಟ್ಟುಕೊಂಡೇ ಊರವರ ಗಡ್ಡ ಹೆರೆಯುತ್ತಾನೆ, ಊರವರು ದೇವರ ಮೇಲೆ ಭಾರ ಹಾಕಿ ಕೂರುತ್ತಾರೆ. ಅವನ ಕಂಕುಳಲ್ಲಿದ್ದ ದಪ್ಪ ಪುಸ್ತಕವೂ ಇಲ್ಲ ಎಂದಾಯಿತು. ಇಲ್ಲದ ಪುಸ್ತಕವನ್ನು ವಾಪಸು ಕೊಡುವುದು ಕಾನೂನಿಗೆ ವಿರುದ್ಧವಲ್ಲವೇ ಎಂದು ಅವನು ವಿನಯದಿಂದ ವಿಚಾರಿಸಿದ. ನಾನು ಬೆವರುತ್ತ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದೆ. ಟ್ರ್ಯಾಕ್ಟರಿನ ಕೈಪಿಡಿ ಇತ್ತು. ಟೆಲಿಫೋನ್ ಡೈರೆಕ್ಟರಿಗಳು ಇದ್ದವು. ಡೇರಿಯ ವಾರ್ಷಿಕ ವರದಿಗಳೆಲ್ಲ ಇದ್ದವು, ಏಕೆಂದರೆ ಎರಡು ಸಲ ಒತ್ತಿದರೆ ಟಿಕ್ ಅಳಿಸಿಹೋಗುತ್ತದಂತೆ. ಉಳಿದ ಜ್ಞಾನಭಂಡಾರವೆಲ್ಲ ಹರಾಜಿಗೆ ಹೋಗಿತ್ತು.

ಪುಸ್ತಕಗಳೇನೋ ಕಪಾಟಿನಲ್ಲೇ ಇವೆಯಲ್ಲ, ಅದಕ್ಯಾಕೆ ಇಷ್ಟು ಗಾಬರಿ ಎಂದು ನೀವು ಕೇಳಬಹುದು. ಮೊದಲು ನಾನೂ ಹಾಗೇ ಸಮಾಧಾನ ಮಾಡಿಕೊಂಡೆ. ಆಮೇಲೆ ನೆನಪಾಯಿತು, ಆ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಹೆಸರನ್ನು ಒತ್ತಿದರೆ ಅದರ ಕೆಳಗೆ ಜುಲೇಮಾಳ ಒಂದು ಸಾಲಿನ ಟಿಪ್ಪಣಿ ತೆರೆದುಕೊಳ್ಳುತ್ತಿತ್ತು. ಯಾವ ಪುಸ್ತಕ ಯಾರಿಗೆ ಹಿಡಿಸುತ್ತದೆ, ಯಾರಿಗೆ ಕೊಡಬಾರದು, ಕೊಡುವಾಗ ಏನು ಹೇಳಬೇಕು ಎಂದು. ನಾನು ಅದನ್ನು ಓದಿದವನಲ್ಲ. ಅವಳು ಬರೆಯುವುದನ್ನು ನೋಡಿದವನು. ಎಷ್ಟೋ ವರ್ಷ ಅವಳು ಒಂದೊಂದೇ ಪುಸ್ತಕ ಓದಿ ಮುಗಿಸಿ, ಮೂಗನ್ನು ಪರದೆಗೆ ತಾಗಿಸಿಕೊಂಡು, ಕಣ್ಣು ಮಂಜಾದ ಮೇಲೂ ಬಿಡದೆ ಬರೆದದ್ದು. ಅವಳ ಆಯುಷ್ಯದ ಕೆಲಸ ಅದೊಂದೇ. ಅದನ್ನು ನಾನು ಎರಡು ಮಧ್ಯಾಹ್ನದಲ್ಲಿ ಅಳಿಸಿದ್ದೆ, ಅದೂ ಖಚಿತವಾಗಿ. ಆಗ ನನಗೆ ನಿಜವಾಗಿ ಭಯವಾಯಿತು.

ಆ ಸಂಜೆ ಜುಲೇಮಾ ಫೋನು ಮಾಡಿದಳು. ಆಪರೇಷನ್ ಚೆನ್ನಾಗಾಗಿದೆ, ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ ಎಂದಳು. ಲೈಬ್ರರಿ ಹೇಗಿದೆ ಎಂದು ಕೇಳಿದಳು.

"ನಾನೇನೂ ಮುಟ್ಟಿಲ್ಲ," ಎಂದೆ.

"ಮುಟ್ಟಿದೆ ಅಂತ ಯಾರು ಹೇಳಿದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾದರೆ ಮುಂದೆ ಕೊಡುತ್ತೇನೆ.

ಕಂಪ್ಯೂಟರಿನ ಪಕ್ಕದಲ್ಲಿ ಒಂದು ಫೋನ್ ನಂಬರು ಅಂಟಿಸಿತ್ತು. ಪ್ರಾಂತ್ಯದ ರಾಜಧಾನಿಯಲ್ಲಿ ಕೂತು ಊರೂರಿನ ಲೈಬ್ರರಿಯ ಯಂತ್ರಗಳಿಗೆ ಮದ್ದು ಹೇಳುವ ಕಚೇರಿಯದು. ಮಾರನೆಯ ಬೆಳಿಗ್ಗೆ ಫೋನು ಮಾಡಿದೆ. ಯನಿನಾ ಎಂಬ ಹೆಣ್ಣುಮಗಳು ಎತ್ತಿದಳು. ಸಮಾಧಾನದ ಧ್ವನಿ, ಹೆರಿಗೆ ಆಸ್ಪತ್ರೆಯಲ್ಲಿ ಇರಬೇಕಾದವಳು. ನಾನು ಡೇರಿ, ಹಸು, ಹರಾಜು ಎಲ್ಲವನ್ನೂ ವಿವರಿಸಿದೆ. ಅವಳು ನಡುವೆ ಒಂದೇ ಒಂದು ಸಲ, ಇದು ಲೈಬ್ರರಿಯೇ ತಾನೇ ಎಂದು ಕೇಳಿದಳು.

"ಅಳಿಸಿದ್ದು ಎಲ್ಲೂ ಹೋಗಲ್ಲ," ಎಂದಳು ಕೊನೆಗೆ. "ಒಳಗೆ ಇನ್ನೊಂದು ಕೋಣೆ ಇದೆ ಅಂದ್ಕೊಳ್ಳಿ. ಅಲ್ಲಿ ಹೋಗಿ ಕೂತಿರುತ್ತೆ. ಕರೆದ್ರೆ ಬರುತ್ತೆ."

ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಟಿಪ್ಪಣಿಗಳೂ ಪುಸ್ತಕದ ಜೊತೆಗೇ ಬರುತ್ತವೋ ಇಲ್ಲವೋ, ನೋಡದೆ ಹೇಳಲಾರೆ ಎಂದಳು. ಇನ್ನೊಂದು ವಿಷಯ, ಕೋರಿಕೆ ಗ್ರಂಥಪಾಲಕರಿಂದಲೇ ಬರಬೇಕು, ನಿಮ್ಮಲ್ಲಿ ಸೆನ್ಯೋರಾ ಜುಲೇಮಾ ಎಂದಿದೆ, ಅವರು ನೀವೇನಾ ಎಂದು ಕೇಳಿದಳು. ಹೌದು ಎಂದೆ. ಧ್ವನಿ ದಪ್ಪವಿದೆಯಲ್ಲ ಎಂದಳು. ನೆಗಡಿಯಾಗಿದೆ ಎಂದೆ. ಹಾಗಾದರೆ ಲೈಬ್ರರಿಯ ವಿಳಾಸದಿಂದ ಒಂದು ಮಿಂಚಂಚೆ ಬರೆದು ಕಳಿಸಿ, ಅಲ್ಲಿಯವರೆಗೂ, ಆಮೇಲೂ, ದಯವಿಟ್ಟು ಏನನ್ನೂ ಮುಟ್ಟಬೇಡಿ ಎಂದಳು. ಈ ಹೆಂಗಸರೆಲ್ಲ ಒಂದೇ ಶಾಲೆಯಲ್ಲಿ ಓದಿದವರು.

ಬರೆದೆ. ಡೇರಿಯ ವಾರ್ಷಿಕ ವರದಿಗಳ ನಂತರ ನಾನು ಬರೆದ ಶ್ರೇಷ್ಠ ಕೃತಿ ಅದು. ಜುಲೇಮಾಳ ಹೆಸರಿನಲ್ಲಿ ಹೀಗೆ ನಿವೇದಿಸಿಕೊಂಡೆ: "ಮಾನ್ಯರೇ, ಸಜ್ಜನನೂ ಮೇಧಾವಿಯೂ ಆದ ನನ್ನ ಪತಿಯು ಲೈಬ್ರರಿಯ ಏಳಿಗೆಗಾಗಿ ಮಧ್ಯಾಹ್ನದ ವಿಶ್ರಾಂತಿಯನ್ನೂ ತೊರೆದು ಶ್ರಮಿಸುತ್ತಿದ್ದಾಗ, ಯಂತ್ರವು ಅವರ ಅಭಿಪ್ರಾಯವನ್ನು ತಿರುವುಮುರುವಾಗಿ ಗ್ರಹಿಸಿದ್ದರಿಂದ..." ಹೀಗೆ ಎರಡು ಪುಟ. ಕಡೆಯಲ್ಲಿ ಜುಲೇಮಾ ಎಂದು ರುಜು ಹಾಕಿದೆ. ಸಂಜೆ ಫೋನು ಮಾಡಿದರೆ, ಕೋರಿಕೆ ತಲುಪಿದೆ, ಶುಕ್ರವಾರ ಬೆಳಿಗ್ಗೆ ನೋಡುತ್ತೇವೆ ಎಂದಳು ಯನಿನಾ. ಅವಳ ಧ್ವನಿಯಲ್ಲಿ ನಗುವಿತ್ತೆಂದು ಅನ್ನಿಸಿತು, ಫೋನಿನ ದೋಷವಿರಬೇಕೆಂದುಕೊಂಡೆ. ಜುಲೇಮಾ ಬರುವುದೂ ಶುಕ್ರವಾರದ ಮಧ್ಯಾಹ್ನದ ಬಸ್ಸಿಗೆ.

ಪುಸ್ತಕ ಬಂದು ಟಿಪ್ಪಣಿ ಬಾರದಿದ್ದರೆ? ಈ ಯೋಚನೆಯಲ್ಲಿ ನನಗೆ ಮಾಟೆಯೂ ಸೇರದಾಯಿತು. (ಸೋರೆಬುರುಡೆಗೆ ಎಲೆ ತುಂಬಿ ಬಿಸಿನೀರು ಹೊಯ್ದು ನಳಿಗೆಯಲ್ಲಿ ಹೀರುವ ಮಾಟೆ ಸೇರದವನನ್ನು ನಮ್ಮೂರಿನಲ್ಲಿ ನೇರವಾಗಿ ಪಾದ್ರಿಯ ಹತ್ತಿರ ಕಳಿಸುತ್ತಾರೆ.) ತಡೆಯಲಾರದೆ ಎರ್ಮೆಲಿಂದಾಗೆ ಗುಟ್ಟಾಗಿ ಹೇಳಿಕೊಂಡೆ. ಎರ್ಮೆಲಿಂದಾಗೆ ಹೇಳಿದ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ, ಊರಿಗೆಲ್ಲ ಗೊತ್ತಿರುವ ಗುಟ್ಟಾಗಿ. ಆದರೆ ಅವಳು ಒಂದು ಒಳ್ಳೆಯ ಮಾತು ಹೇಳಿದಳು. ಪುಸ್ತಕ ಕೊಡುವಾಗ ಜುಲೇಮಾ ಆ ಟಿಪ್ಪಣಿಯನ್ನು ಬಾಯಲ್ಲಿ ಹೇಳಿಯೇ ಕೊಡುತ್ತಿದ್ದಳಂತೆ. ಊರವರಿಗೆಲ್ಲ ನೆನಪಿರುತ್ತದೆ, ಕೇಳಿ ಬರೆದುಕೊಂಡರಾಯಿತು ಎಂದಳು.

ಮಾರನೆಯ ಮಧ್ಯಾಹ್ನ ನಮ್ಮೂರಿನ ಚರಿತ್ರೆಯಲ್ಲಿ ಮೊದಲ ಸಲ ಯಾರೂ ಮಲಗಲಿಲ್ಲ. ಮಡಿಸುವ ಕುರ್ಚಿ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಸೋರೆಬುರುಡೆ ಹಿಡಿದು ಜನ ಲೈಬ್ರರಿಗೆ ಬಂದರು. ಯಾರದೋ ಮನೆಯ ಬಿಸ್ಕತ್ತು ಬಂತು. ಬುರುಡೆ ಕೈಯಿಂದ ಕೈಗೆ ಸುತ್ತತೊಡಗಿತು. ನಾನು ಕಂಪ್ಯೂಟರಿನ ಮುಂದೆ ಕೂತು ಪ್ರತಿ ಪುಸ್ತಕಕ್ಕೂ ಹೊಸದಾಗಿ ದಾಖಲೆ ಮಾಡಿ, ಜನ ಹೇಳಿದ್ದನ್ನು ಅದರ ಕೆಳಗೆ ಬರೆದುಕೊಳ್ಳುತ್ತ ಹೋದೆ. (ಏನನ್ನೂ ಮುಟ್ಟಬೇಡಿ ಎಂದು ಯನಿನಾ ಹೇಳಿದ್ದು ನೆನಪಿತ್ತು. ಅದು ಅಳಿಸುವುದಕ್ಕೆ ಅನ್ವಯಿಸುತ್ತದೆ, ಬರೆಯುವುದಕ್ಕಲ್ಲ ಎಂದು ಅರ್ಥ ಮಾಡಿ ಇಟ್ಟುಕೊಂಡಿದ್ದೆ.)

ಹಿಂದಿರುಗಿಸಲು ತಂದಿದ್ದ ಆ ಕಾದಂಬರಿಯ ಕೊನೆಯ ಅಧ್ಯಾಯವನ್ನು ಅಡುಗೆಮನೆಯಲ್ಲಿ ಓದಬೇಡ, ಸಾರು ಉಪ್ಪಾಗುತ್ತದೆ ಎಂದಿದ್ದಳಂತೆ ಜುಲೇಮಾ, ಎರ್ಮೆಲಿಂದಾಗೆ. ಒಂದು ಅಡುಗೆ ಪುಸ್ತಕದ ಬಗ್ಗೆ, ಇದರ ಮೊಟ್ಟೆಯ ಲೆಕ್ಕವನ್ನು ನಂಬಬೇಡಿ, ಬರೆದವನ ಮನೆಯಲ್ಲಿ ಕೋಳಿ ಜಾಸ್ತಿ ಇದ್ದಿರಬೇಕು ಎಂದಿದ್ದಳಂತೆ. ಒಂದು ಕವನ ಸಂಗ್ರಹವನ್ನು ಹೆಂಡತಿಯೊಡನೆ ಜಗಳವಾದಾಗ ಗಟ್ಟಿಯಾಗಿ ಓದಬೇಕು, ಮೂರನೇ ಪದ್ಯಕ್ಕೆ ಅವಳೇ ರಾಜಿಗೆ ಬರುತ್ತಾಳೆ; ಹಾಗೇ ಆಯಿತೆಂದು ಒಬ್ಬ ರೈತ ಎದ್ದು ನಿಂತು ಸಾಕ್ಷಿ ಹೇಳಿದ. ಹೊಸದಾಗಿ ಗಂಡನನ್ನು ಕಳೆದುಕೊಂಡವರಿಗೆ ಕೊಡಬಾರದ ಪುಸ್ತಕಗಳು ಯಾವುವು, ಒಂದು ವರ್ಷ ಕಳೆದ ಮೇಲೆ ಕೊಡಬೇಕಾದವು ಯಾವುವು ಎಂಬುದನ್ನು ಹಿಂದಿನ ಸಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ಮೆಲ್ಲಗೆ ಹೇಳಿದಳು. ಅಷ್ಟು ಹೊತ್ತು ಯಾರೂ ನಗಲಿಲ್ಲ. ನನಗೆ ಜುಲೇಮಾಳ ಮೇಲೆ ಹೆಮ್ಮೆಯಾಯಿತು, ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು. ಊರಿಗೆಲ್ಲ ಇಷ್ಟು ಹೇಳಿದವಳು ನನಗೆ ಪುಸ್ತಕ ಕೊಡುವಾಗ ಒಂದು ಮಾತೂ ಹೇಳಿದವಳಲ್ಲ. ದಿಂಬು ಸರಿಮಾಡಿ ಹೋಗುತ್ತಿದ್ದಳು, ಅಷ್ಟೇ.

ಕೊನೆಗೆ ಸೆವೆರೀನೊನ ಸರದಿ ಬಂತು. ಅವನು ಮೇಲಿನ ಸಾಲಿನ ದಪ್ಪ ಪುಸ್ತಕಗಳನ್ನು ತೋರಿಸಿದ. ನೋಡಿದರೆ ನನ್ನ ಶನಿವಾರದ ಇಟ್ಟಿಗೆಗಳು, ಒಂದೂ ಬಿಡದೆ.

"ನಂಗೆ ಯಾವಾಗ್ಲೂ ಇವನ್ನೇ ಕೊಡ್ತಾರೆ," ಎಂದ. "ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದು ಸೆವೆರೀನೊ, ಧೈರ್ಯವಾಗಿ ತಗೊಂಡ್ಹೋಗಿ ಅಂತಾರೆ."

ನನ್ನ ಎದೆ ಉಬ್ಬಿತು. ಮನೆಯಲ್ಲಿ ಪರೀಕ್ಷಿಸಿದ್ದು! ಹಾಗಾದರೆ ನಾನು ಓದಿ ಒಪ್ಪಿದ್ದೇ ಈ ಊರಿನಲ್ಲಿ ಪುಸ್ತಕಕ್ಕೆ ಮುದ್ರೆ. ಹೇಗಿದ್ದವು ಪುಸ್ತಕಗಳು ಎಂದು ಕೇಳಿದೆ.

"ಅಮೃತ," ಎಂದ ಸೆವೆರೀನೊ. "ಒಂದನ್ನೂ ಮುಗಿಸಿಲ್ಲ."

ಎರ್ಮೆಲಿಂದಾಗೆ ಏಕೋ ಕೆಮ್ಮು ಬಂತು. ಅವಳು ಕೈಚೀಲದೊಳಗೆ ತಲೆ ಹಾಕಿ ಏನನ್ನೋ ಬಹಳ ಹೊತ್ತು ಹುಡುಕಿದಳು. ಇನ್ನಿಬ್ಬರು ಗಾಳಿಗೆಂದು ಹೊರಗೆ ಹೋದರು. ನಾನು ಅದನ್ನೆಲ್ಲ ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಪ್ರತಿ ಇಟ್ಟಿಗೆಯ ಕೆಳಗೂ ಹೀಗೆ ಬರೆದೆ: "ಗಂಭೀರ ಓದುಗರಿಗೆ ಮಾತ್ರ. ಮನೆಯಲ್ಲಿ ಪರೀಕ್ಷಿಸಿದ್ದು. ಆಲ್ದೊ ಅವರ ಶಿಫಾರಸು."

ಶುಕ್ರವಾರ ಬೆಳಿಗ್ಗೆ ಯನಿನಾ ಫೋನು ಮಾಡಿದಳು. ಎಲ್ಲ ಮರಳಿ ಬಂದಿದೆ, ಟಿಪ್ಪಣಿಗಳ ಸಮೇತ, ಒಂದಕ್ಷರವೂ ಹೋಗಿಲ್ಲ ಎಂದಳು. ನಾನು ಕುರ್ಚಿಯಲ್ಲಿ ಕುಸಿದು ಕೂತು ಅವಳ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಹರಸಿದೆ. ಮದುವೆಯಾಗಿಲ್ಲ ಎಂದಳು. ಮುಂದೆ ಆಗುವವರಿಗೆ ಇರಲಿ ಎಂದೆ. ಗಡ್ಡ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ನಿಷ್ಕಳಂಕ ಪತಿಯಾಗಿ ಬಸ್ ನಿಲ್ದಾಣದಲ್ಲಿ ನಿಂತೆ. ಕಪ್ಪು ಕನ್ನಡಕ ಹಾಕಿದ್ದ ಜುಲೇಮಾ ಇಳಿದವಳೇ ಮನೆಯ ಕಡೆ ತಿರುಗದೆ ಲೈಬ್ರರಿಯ ಕಡೆ ನಡೆದಳು. ಬೀಗ ತೆಗೆದು, ಕಂಪ್ಯೂಟರಿನ ಮುಂದೆ ಕೂತು, ಕನ್ನಡಕವನ್ನು ಹಣೆಗೇರಿಸಿ ಪಟ್ಟಿ ತೆರೆದಳು. ನಾನು ಹಿಂದಿನಿಂದ ನೋಡಿದೆ. ಪ್ರತಿ ಪುಸ್ತಕವೂ ಎರಡು ಸಲ ಇತ್ತು. ನಾನು ಹೊಸದಾಗಿ ಬರೆದದ್ದು ಒಂದು, ಒಳಗಿನ ಕೋಣೆಯಿಂದ ಎದ್ದು ಬಂದದ್ದು ಒಂದು.

"ಏನಿದು, ಎಲ್ಲಾ ಎರಡೆರಡು ಕಾಣ್ತಿದೆ?" ಎಂದಳು.

"ಕಣ್ಣು," ಎಂದೆ. "ಆಪರೇಷನ್ ಆದ ಹೊಸದರಲ್ಲಿ ಹಾಗೇ. ಎರಡೆರಡು ಕಾಣುತ್ತೆ."

"ಹೌದಾ." ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀನು ಒಬ್ಬನೇ ಕಾಣ್ತಿದ್ದೀಯಲ್ಲ. ದೇವರು ದೊಡ್ಡವನು."

ನಾನು ಮಾಟೆಗೆ ನೀರು ಕಾಯಿಸುತ್ತೇನೆಂದು ಎರಡು ಹೆಜ್ಜೆ ಹಿಂದೆ ಸರಿದೆ.

"ಸಜ್ಜನನೂ ಮೇಧಾವಿಯೂ ಆದ ನನ್ನ ಪತಿಯು," ಎಂದಳು ಜುಲೇಮಾ, ಚರ್ಚಿನಲ್ಲಿ ಪಾಠ ಓದುವ ರಾಗದಲ್ಲಿ.

ಲೈಬ್ರರಿಯ ವಿಳಾಸಕ್ಕೆ ಬಂದದ್ದು, ಅಲ್ಲಿಂದ ಹೋದದ್ದು ಎಲ್ಲವೂ ಅವಳ ಕೈಫೋನಿನಲ್ಲೂ ಕಾಣುತ್ತದಂತೆ. ಇದನ್ನು ಮದುವೆಗೆ ಮುಂಚೆಯೇ ಹೇಳಬೇಕಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವಳಿಗೆ ಓಲ್ಗಾ ಆ ಎರಡು ಪುಟವನ್ನು ಗಟ್ಟಿಯಾಗಿ ಓದಿ ಹೇಳಿದಳಂತೆ. ನಗಬಾರದು, ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಕಂತು ಕಂತಾಗಿ ಓದಬೇಕಾಯಿತಂತೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹಳೆಯ ಗಾದೆ. ಇಲ್ಲಿ ಕಣ್ಣು ಮುಚ್ಚಿಕೊಂಡಿದ್ದವಳು ಅವಳು, ಕಾಣದೆ ಇದ್ದದ್ದು ನನಗೆ.

"ಅದನ್ನ ಕೇಳಿದ ಕೂಡ್ಲೇ ಫೋನ್ ಮಾಡಿದೆ. ಅವತ್ತೇ ವಾಪಸು ತರ್ತೀನಿ ಅಂದ್ಲು ಆ ಯನಿನಾ. ಟಿಪ್ಪಣಿಗಳೂ ಭದ್ರವಾಗಿವೆ ಅಂದ್ಲು. ನಾನೇ ಬೇಡ ಅಂದೆ, ಶುಕ್ರವಾರದವರೆಗೂ ತಡಿ ಅಂತ."

"ಮೂರು ದಿನ ನನ್ನ ಜೀವ ಹೋಗಿ ಬರ್ತಿತ್ತು ಕಣೇ, ಮುದುಕಿ."

"ಗೊತ್ತು. ಎರ್ಮೆಲಿಂದಾ ದಿನಾ ಫೋನ್ ಮಾಡ್ತಿದ್ದಳು." ಎದ್ದು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಕೂತ್ಕೋ. ನಿನ್ನ ಅವಳಿ ಜವಳಿಯೆಲ್ಲ ನೀನೇ ತೆಗಿ. ಟಿಕ್ ಹಾಕಿದ್ದು ಹೋಗುತ್ತೆ. ಇದು ಕೊಟ್ಟಿಗೆ ಅಲ್ಲ."

ಕೂತೆ. ಒಂದೊಂದಾಗಿ ನನ್ನದನ್ನು ಅಳಿಸುತ್ತ ಅವಳದ್ದನ್ನು ಓದುತ್ತ ಹೋದೆ. ಊರವರು ನೆನಪಿನಿಂದ ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿತ್ತು. ಸಾರು ಉಪ್ಪಾಗುವುದೂ ಕೋಳಿಗಳೂ ಹಾಗೇ ಇದ್ದವು. ಆಮೇಲೆ ಮೇಲಿನ ಸಾಲಿನ ಇಟ್ಟಿಗೆಗಳು ಬಂದವು. ನದಿಗಳ ಹೂಳಿನ ಇತಿಹಾಸದ ಕೆಳಗೆ ಜುಲೇಮಾ ಬರೆದಿದ್ದಳು: "ನಿದ್ದೆ ಬಾರದವರಿಗೆ. ಮನೆಯಲ್ಲಿ ಪರೀಕ್ಷಿಸಿದ್ದು. ಎರಡು ಪುಟ." ತತ್ವಶಾಸ್ತ್ರದ ಕೆಳಗೆ: "ಇನ್ನೂ ಬೇಗ. ಗೊರಕೆಯ ಸಮೇತ." ರಾಜ್ಯಶಾಸ್ತ್ರದ ಕೆಳಗೆ: "ಓಲ್ಗಾ ಜೊತೆ ದೀರ್ಘವಾಗಿ ಮಾತಾಡುವುದಿದ್ದ ದಿನ ಇದು." ಒಂದರ ಕೆಳಗಾದರೂ ಚಿಂತನೆ ಎಂಬ ಶಬ್ದವಿರಲಿಲ್ಲ.

ಕಿವಿ ಬಿಸಿಯಾಯಿತು. ಪರದೆಯ ಮೇಲೆ ಎರಡೂ ಅಕ್ಕಪಕ್ಕದಲ್ಲಿದ್ದವು: ನನ್ನ ಗಂಭೀರ ಓದುಗರು ಒಂದು ಕಡೆ, ಅವಳ ಎರಡು ಪುಟ ಇನ್ನೊಂದು ಕಡೆ. ಟಿಕ್ ಹಾಕಿದ್ದು ಹೋಗುತ್ತದೆ ಎಂಬುದು ಈಗ ನನಗೆ ಚೆನ್ನಾಗಿ ಗೊತ್ತಿತ್ತು. ಮೆಲ್ಲಗೆ ಅವಳ ದಾಖಲೆಗಳ ಮುಂದೆ ಟಿಕ್ ಹಾಕಿದೆ, ಒಂದೊಂದೇ ಸಲ ಒತ್ತಿ. ಬೆರಳು 'ಅಳಿಸು' ಗುಂಡಿಯ ಮೇಲೆ ಬಂತು. ಯಂತ್ರ ಖಚಿತವೇ ಎಂದು ಕೇಳಿತು.

ಜುಲೇಮಾ ಕಿಟಕಿಯ ಹತ್ತಿರ ನನಗೆ ಬೆನ್ನು ಹಾಕಿ ಗಿಡಕ್ಕೆ ನೀರು ಹಾಕುತ್ತಿದ್ದಳು.

"ಅಳಿಸಿದ್ದು ಎಲ್ಲೂ ಹೋಗಲ್ಲ, ಮುದುಕಾ," ಎಂದಳು, ತಿರುಗದೆಯೇ. "ಇಷ್ಟು ಹೊತ್ತಿಗೆ ಸೆವೆರೀನೊ ಅಂಗಡೀಲಿ ಅರ್ಧ ಊರಿಗೆ ಬಾಯಿಪಾಠ ಆಗಿರುತ್ತೆ."

ಟಿಕ್ ತೆಗೆದೆ. ನನ್ನ ಶಿಫಾರಸುಗಳಿಗೆ ಹಾಕಿದೆ. ಖಚಿತ ಎಂದೆ.

ಮಾರನೆಯ ದಿನ ಶನಿವಾರ. ಸಂಜೆ ಜುಲೇಮಾ ಆ ರಟ್ಟಿನ ಪೆಟ್ಟಿಗೆಯಿಂದ ಹೊಸದೊಂದು ಪುಸ್ತಕ ತಂದಳು. ಗೋಧಿ ವ್ಯಾಪಾರದ ಸುಂಕದ ಬಗ್ಗೆ, ಎರಡು ಸಂಪುಟಗಳಲ್ಲಿ ಮೊದಲನೆಯದು. ಬೆನ್ನಿಗೆ ದಿಂಬು ಕೊಟ್ಟು ದೀಪ ಸರಿಮಾಡಿದಳು. ನಾನು ಪುಸ್ತಕ ತೆಗೆದುಕೊಂಡೆ. ಈ ದಿನ ಮೂರನೇ ಪುಟ ಮುಟ್ಟಿಯೇ ತೀರುತ್ತೇನೆ, ಒಂದು ಟಿಪ್ಪಣಿಯನ್ನಾದರೂ ಸುಳ್ಳು ಮಾಡುತ್ತೇನೆ ಎಂದು ಹಲ್ಲು ಕಚ್ಚಿ ಕೂತೆ. ಮೊದಲ ಪುಟವನ್ನು ಎರಡು ಸಲ ಓದಿದೆ. ಎರಡನೇ ಪುಟದಲ್ಲಿ ಗೋಧಿಯ ಹಡಗು ಬಂದರು ಬಿಟ್ಟು ಹೊರಟಿತು.

ಕಣ್ಣು ಬಿಟ್ಟಾಗ ನನ್ನ ಕನ್ನಡಕ ಮಡಿಸಿ ಪಕ್ಕದ ಮೇಜಿನ ಮೇಲಿಟ್ಟಿತ್ತು. ಕಾಲಿಗೆ ಯಾರೋ ಶಾಲು ಹೊದಿಸಿದ್ದರು. ಪುಸ್ತಕದ ನಡುವೆ, ಹಡಗು ಹೊರಟ ಜಾಗದಲ್ಲೇ, ಗುರುತಿಗೆ ಒಂದು ಚೀಟಿ ಇತ್ತು. ಪಕ್ಕದ ಕೋಣೆಯಿಂದ ಜುಲೇಮಾಳ ಮಾತು ಕೇಳಿಸುತ್ತಿತ್ತು.

"ಇಲ್ಲ ಕಣೇ ಓಲ್ಗಾ, ಎರಡು ಅಲ್ಲ," ಎನ್ನುತ್ತಿದ್ದಳು. "ಒಂದೂವರೆ ಅಂತ ಬರೀತೀನಿ."